ಮಳೆ ತಡೆದವಳು

ಮನೆಯೊಡತಿ ವೆಂಕಟಲಕ್ಷ್ಮಮ್ಮ ಮಹಡಿ ಹತ್ತಿ ಬಂದದ್ದು ಅದೇ ಮೊದಲು. ಅನ್ನಪೂರ್ಣೇಶ್ವರಿ ನಗರದ ಆ ಮನೆಯ ಮೇಲಂತಸ್ತಿಗೆ ವಚನಾ ಬಾಡಿಗೆಗೆ ಬಂದು ಐದನೇ ವರ್ಷ ನಡೆಯುತ್ತಿತ್ತು. ಇಷ್ಟು ದಿನವೂ ಅವರಿಗೆ ಏನಾದರೂ ಹೇಳಬೇಕಿದ್ದರೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದರು, ಇಲ್ಲವೇ ಸೊಸೆ ಕುಸುಮಾಳನ್ನು ಕಳಿಸುತ್ತಿದ್ದರು. ಈಗ ಮಂಡಿ ಹಿಡಿದುಕೊಂಡು, ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತವರು ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಕೆರೆ ಅಗೀತಾ ಇದೀಯಂತಲ್ಲ ಮಗ. ಎಷ್ಟು ಕೆಳಕ್ಕೆ ಹೋದೆ?"

"ಅಗೆಯೋದಲ್ಲಮ್ಮ, ಪೈಪ್ ಇಳಿಸ್ತೀವಿ ಅಷ್ಟೆ. ಎರಡು ಮೀಟರ್ ಹೋಯ್ತು."

"ಏನಾದ್ರೂ ಸಿಕ್ತಾ?"

"ಮಣ್ಣು ಸಿಕ್ತು," ಎಂದು ವಚನಾ ನಕ್ಕಳು.

"ಬೂದಿ?"

ವಚನಾಳ ನಗು ಅಲ್ಲೇ ನಿಂತಿತು. ಅಂದು ಬೆಳಿಗ್ಗೆಯಷ್ಟೇ ಲ್ಯಾಬಿನಲ್ಲಿ ಆ ಪೈಪನ್ನು ಉದ್ದಕ್ಕೆ ಸೀಳಿ, ಒಳಗಿನ ಮಣ್ಣನ್ನು ಎರಡು ಹೋಳು ಮಾಡಿದ್ದಳು. ಬೂದುಬಣ್ಣದ ಹಸಿ ಜೇಡಿಯ ನಡುವೆ, ಮೇಲಿನಿಂದ ಸುಮಾರು ಎರಡು ಗೇಣು ಕೆಳಗೆ, ಕಾಡಿಗೆ ಎಳೆದಂಥ ಒಂದು ತೆಳು ಕಪ್ಪು ಗೆರೆ ಇತ್ತು. ಅದನ್ನು ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ.

"ಯಾಕಮ್ಮ ಕೇಳ್ತೀರಾ?"

ಮುದುಕಿ ಸೆರಗಿನೊಳಗೆ ಕೈ ಅಡಗಿಸಿಕೊಂಡು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದುಹೋದರು.

ವಚನಾ ಜ್ಞಾನಭಾರತಿ ಪಕ್ಕದ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ಹಳೆಯ ಕಾಲದ ಹವಾಮಾನವನ್ನು ಓದುವ ಕೆಲಸದಲ್ಲಿದ್ದಳು. ಓದುವುದು ಎಂದರೆ ಮಣ್ಣಲ್ಲಿ ಓದುವುದು. ಕೆರೆಯ ತಳಕ್ಕೆ ಪ್ರತಿ ವರ್ಷ ಒಂದಿಷ್ಟು ಹೂಳು ಬಂದು ಕೂರುತ್ತದೆ. ಹೋದ ವರ್ಷದ್ದರ ಮೇಲೆ ಈ ವರ್ಷದ್ದು, ಅದರ ಮೇಲೆ ಬರುವ ವರ್ಷದ್ದು. ಆ ಹೂಳಿನೊಳಗೆ ಆಯಾ ಕಾಲದ ಪರಾಗ, ನೀರಿನ ಪಾಚಿಯ ಗಾಜಿನಂಥ ಚಿಪ್ಪು, ಮರಳು, ಮಸಿ ಎಲ್ಲ ಸಿಕ್ಕಿಕೊಳ್ಳುತ್ತವೆ. ಮಳೆ ಚೆನ್ನಾಗಿ ಆದ ವರ್ಷದ ಮಣ್ಣು ಒಂದು ಥರ, ಕೆರೆ ಒಣಗಿ ಬಿರಿದ ವರ್ಷದ್ದು ಇನ್ನೊಂದು ಥರ. ಈ ಬೇಸಿಗೆಯಲ್ಲಿ ಬಡಾವಣೆಯ ಹಿಂದಿನ ಹೊಂಗೆಕೆರೆ ಪೂರ್ತಿ ಬತ್ತಿತ್ತು. ಹೋದ ವರ್ಷದ ಮುಂಗಾರು ಕೈಕೊಟ್ಟು, ಬೋರ್‌ವೆಲ್‌ಗಳು ಗಾಳಿ ಉಗುಳುತ್ತಿದ್ದವು; ಟ್ಯಾಂಕರ್ ಬರುವ ಸದ್ದಿಗೆ ಜನ ಬಿಂದಿಗೆ ಹಿಡಿದು ಓಡುತ್ತಿದ್ದರು. ಊರಿಗೆಲ್ಲ ಶಾಪವಾಗಿದ್ದ ಆ ಬತ್ತಿದ ಕೆರೆ ವಚನಾಳಿಗೆ ಮಾತ್ರ ಅನುಕೂಲವಾಗಿತ್ತು. ದೋಣಿ ಬೇಕಿಲ್ಲ, ನಡೆದುಕೊಂಡೇ ಹೋಗಿ ಪೈಪ್ ಇಳಿಸಬಹುದಿತ್ತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ಒಳಗೊಳಗೇ ನಾಚಿಕೆಯೂ ಇತ್ತು.

ಆ ಕಪ್ಪು ಗೆರೆ ಯಾವ ಕಾಲದ್ದೆಂದು ತಿಳಿಯಲು ಒಂದು ದಾರಿಯಿತ್ತು. ದೊಡ್ಡ ದೇಶಗಳು ಬಯಲಲ್ಲೇ ಅಣುಬಾಂಬು ಸಿಡಿಸಿ ನೋಡುತ್ತಿದ್ದ ಕಾಲದಲ್ಲಿ ಅದರ ಧೂಳು ಗಾಳಿಯಲ್ಲಿ ಸುತ್ತಿ, ಜಗತ್ತಿನ ಎಲ್ಲ ಕೆರೆಗಳ ಮೇಲೂ ಮಳೆಯೊಂದಿಗೆ ಇಳಿದಿತ್ತು. ಸಾವಿರದ ಒಂಬೈನೂರ ಅರವತ್ತಮೂರರ ಸುಮಾರಿಗೆ ಅದು ಅತಿ ಹೆಚ್ಚು. ಹೊಂಗೆಕೆರೆಯ ತಳದಲ್ಲೂ ಆ ಗುರುತು ಇದ್ದೇ ಇರಬೇಕು. ವಚನಾ ಮಣ್ಣಿನ ಒಂದು ಹೋಳನ್ನು ಹಲ್ವಾದಂತೆ ತೆಳ್ಳಗೆ ಕತ್ತರಿಸಿ, ಒಣಗಿಸಿ, ಅಳೆಯುವ ಯಂತ್ರಕ್ಕಿಟ್ಟಳು. ಕೆಲವು ವಾರಗಳಾದ ಮೇಲೆ ಉತ್ತರ ಬಂತು. ಬಾಂಬಿನ ಗುರುತು ಸಿಕ್ಕ ಪದರದಿಂದ ಎರಡೇ ಬೆರಳು ಮೇಲೆ ಕೆರೆ ಒಣಗಿ ಬಿರಿದ ಪದರ. ಅದರ ನೆತ್ತಿಯ ಮೇಲೆ ಆ ಕಪ್ಪು ಗೆರೆ. ಸೂಕ್ಷ್ಮದರ್ಶಕದ ಕೆಳಗೆ ಅದು ಸುಟ್ಟ ಕಟ್ಟಿಗೆಯ ಇದ್ದಿಲು.

ಅಂದು ಸಂಜೆ ಅವಳೇ ಕೆಳಗಿಳಿದು ಹೋದಳು. ವೆಂಕಟಲಕ್ಷ್ಮಮ್ಮ ಹಿತ್ತಲ ಕಲ್ಲುಬೆಂಚಿನ ಮೇಲೆ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದರು. ಬೆರಳ ತುದಿಯಿಂದ ಮುಂಗೈವರೆಗೂ ಬಿಳುಪು, ತುಟಿಯ ಅಂಚಿನಲ್ಲೂ ಬಿಳುಪು. ತೊನ್ನು. ಮನೆಯವರಲ್ಲದವರು ಬಂದರೆ ಆ ಕೈ ತಂತಾನೇ ಸೆರಗಿನೊಳಗೆ ಹೋಗುತ್ತಿತ್ತು. ಇವತ್ತು ಹೋಗಲಿಲ್ಲ.

"ಬೂದಿ ಅಲ್ಲಮ್ಮ, ಇದ್ದಿಲು ಸಿಕ್ಕಿದೆ," ಎಂದಳು ವಚನಾ.

ಹಿತುಕಿದ ಕಾಳು ಬಟ್ಟಲಿಗೆ ಬೀಳದೆ ನೆಲಕ್ಕೆ ಬಿತ್ತು.

"ನಮ್ಮ ಸೋದರತ್ತೆ ಕಣವ್ವ ಅದು," ಎಂದರು ಮುದುಕಿ, ಮನೆಯ ಮುಂದೆ ಹಾದುಹೋದವರ ಗುರುತು ಹೇಳುವಷ್ಟೇ ಸಹಜವಾಗಿ. "ದೊಡ್ಡತಾಯಮ್ಮ ಅಂತ. ಅವಳ್ಗೂ ನನ್ನಂಗೇ ಮೈಯೆಲ್ಲ ಬೆಳ್ಳಗಿತ್ತು. ನಮ್ಮೋರು ಮಣ್ಣಿಗಿಡೋರಲ್ವಾ, ಕೆರೆ ಪಕ್ಕ ನಮ್ಮ ಹೊಲದಾಗೇ ಇಟ್ರು. ಆ ವರ್ಷ ಮಳೆ ಇಲ್ಲ. ರೇಷನ್‌ನಾಗೆ ಅಮೆರಿಕದ ಕೆಂಪು ಜೋಳ ಕೊಟ್ರು ನೋಡು, ಆ ವರ್ಷ. ದನ ತಿನ್ನಲ್ಲ ಅಂದಿದ್ದು ನಾವು ತಿಂದ್ವು. ಊರೋರೆಲ್ಲ ಕೂತು ಮಾತಾಡ್ಕಂಡ್ರು. ತೊನ್ನಿರೋಳ್ನ ಮಣ್ಣಿಗಿಟ್ಟವ್ರೆ, ಭೂಮ್ತಾಯಿ ಒಪ್ಪಿಲ್ಲ, ಅವಳೇ ಮಳೆ ತಡೆದವ್ಳೆ ಅಂತ. ಅಗೆದು ತೆಗೆದ್ರು."

"ನೀವು ನೋಡಿದ್ರಾ?"

"ಏರಿ ಮೇಲೆ ನಿಂತಿದ್ದೆ. ಲಂಗ ಹಾಕ್ಕೊಳ್ಳೋ ಹುಡುಗಿ. ಸೀರೆ ಅಂಚು ಮಾತ್ರ ಹಂಗೇ ಇತ್ತು ಕಣವ್ವ, ಹಸಿರು ಅಂಚು. ಒಣಗಿದ ಕೆರೆ ಮಧ್ಯಕ್ಕೆ ಹೊತ್ಕೊಂಡೋಗಿ ಜಾಲಿ ಸೌದೆ ಒಟ್ಟಿ ಸುಟ್ರು. ನಮ್ಮಪ್ಪನ ಕೈಲೇ ಬೆಂಕಿ ಇಡಿಸಿದ್ರು."

ವಚನಾ ಏನೋ ಒಂದು ಕೇಳಬೇಕೆಂದು ಕೇಳಿದಳು: "ಆಮೇಲೆ ಮಳೆ ಬಂತಾ?"

"ಬಂತು," ಎಂದರು ವೆಂಕಟಲಕ್ಷ್ಮಮ್ಮ. "ಅದೇ ಕೆಟ್ಟದ್ದಾಗಿದ್ದು."

ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಯಾರೋ ಖಾಲಿ ಮೋಟಾರು ಓಡಿಸಿ ನಿಲ್ಲಿಸಿದರು.

"ಮಗ ಹುಟ್ಟಿದ ಮೇಲೆ ನನ್ನ ಕೈ ಮೇಲೂ ಬಂತು. ಬರ ಬಂದ ವರ್ಷವೆಲ್ಲ ನನ್ನೆದೆ ಹೊಡ್ಕೊಳ್ತದೆ. ಯೋಗಾನಂದ ಈಗ್ಲೇ ಹೇಳವ್ನೆ, ಅಮ್ಮ, ನಿನ್ನ ಕರೆಂಟಿನಾಗೆ ಸುಟ್ಬಿಡ್ತೀವಿ, ಯಾರ ಬಾಯಿಗೂ ಬೀಳೋದು ಬೇಡ ಅಂತ. ನಾನು ಒಲ್ಲೆ. ನಮ್ಮ ಯಜಮಾನ್ರ ಪಕ್ಕ ಮಣ್ಣಾಗ್ಬೇಕು. ಆಮೇಲೆ ತೆಗೀಲೂಬಾರ್ದು. ನೀನು ಓದಿದೋಳು. ಆ ವರ್ಷ ಮಳೆ ನಿಂತಿದ್ದು ನಮ್ಮತ್ತೆಯಿಂದ ಅಲ್ಲ ಅಂತ ನಿನ್ನ ಮಣ್ಣು ನೋಡಿ ನಮ್ಮ ಹುಡುಗ್ರಿಗೆ ಹೇಳು. ಅಷ್ಟೇ ನಾ ಕೇಳೋದು."

"ಖಂಡಿತ ಹೇಳ್ತೀನಮ್ಮ," ಎಂದಳು ವಚನಾ. ಇಷ್ಟು ಸುಲಭದ ಕೆಲಸವನ್ನು ಅವಳಿಗೆ ಯಾರೂ ಒಪ್ಪಿಸಿರಲಿಲ್ಲ.

ಭಾನುವಾರ ಕೆಳಗಿನ ಹಾಲಿನಲ್ಲಿ ಎಲ್ಲರೂ ಸೇರಿದರು. ಮಗ ಯೋಗಾನಂದ, ಮಾಗಡಿ ರಸ್ತೆಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟವನು. ಮಾತು ಕಡಿಮೆ. ವೆಂಕಟಲಕ್ಷ್ಮಮ್ಮನ ಮೈದುನನ ಮಗ ಭೈರೇಶ್, ಬಡಾವಣೆಯ ನೀರು, ಮೋರಿ, ದೀಪ ಎಲ್ಲಕ್ಕೂ ಜನ ಹುಡುಕಿಕೊಂಡು ಹೋಗುವ ಮನುಷ್ಯ. ಆ ಬೇಸಿಗೆಯಲ್ಲಿ ಅವನ ಫೋನಿಗೆ ಬಿಡುವೇ ಇರಲಿಲ್ಲ. ಕುಸುಮಾ ಕಾಫಿ ಕೊಟ್ಟಳು. ಮುದುಕಿ ಮೂಲೆಯ ಚಾಪೆಯ ಮೇಲೆ ಕೂತು ವಚನಾಳನ್ನೇ ನೋಡುತ್ತಿದ್ದರು.

ವಚನಾ ಲ್ಯಾಪ್‌ಟಾಪ್ ತೆರೆದು ಮಣ್ಣಿನ ಚಿತ್ರ ತೋರಿಸಿದಳು. ಕೆಳಗೆ, ಇನ್ನೂ ಆಳದಲ್ಲಿ, ಕೆರೆ ಒಣಗಿ ಬಿರಿದ ಪದರಗಳು ಹಲವಿದ್ದವು. ಮುನ್ನೂರು ವರ್ಷ ಹಿಂದೆ ಒಮ್ಮೆ, ಅದಕ್ಕೂ ಹಿಂದೆ ಒಮ್ಮೆ. ಬರ ಆಗಲೂ ಬರುತ್ತಿತ್ತು, ಈಗಲೂ ಬರುತ್ತದೆ. ಮೇಲಿನ ಪದರಗಳಲ್ಲಿ ಮಾತ್ರ ಹಿಂದೆ ಎಲ್ಲೂ ಇಲ್ಲದ ಒಂದು ವಸ್ತು ಇತ್ತು. ಕಲ್ಲಿದ್ದಲು, ಡೀಸೆಲ್ ಉರಿದಾಗ ಹುಟ್ಟುವ ಕಣ್ಣಿಗೆ ಕಾಣದ ಕಪ್ಪು ಗುಂಡುಗಳು.

"ಇದು ನಮ್ಮ ಕಾಲದ ಹೊಗೆ," ಎಂದಳು. "ದಕ್ಷಿಣ ಧ್ರುವದ ಮಂಜುಗಡ್ಡೆಯಲ್ಲಿ ಹಳೇ ಗಾಳಿ ಗುಳ್ಳೆ ಗುಳ್ಳೆಯಾಗಿ ಸಿಕ್ಕಿಕೊಂಡಿರುತ್ತೆ. ಲಕ್ಷಾಂತರ ವರ್ಷದ ಹಿಂದಿನ ಗಾಳಿ. ಅದನ್ನ ಒಡೆದು ಅಳೆದು ನೋಡಿದಾರೆ. ಈಗ ಗಾಳಿಯಲ್ಲಿರೋ ಅಷ್ಟು ಇಂಗಾಲ ಆಗ ಯಾವತ್ತೂ ಇರಲಿಲ್ಲ. ಭೂಮಿ ಬಿಸಿಯಾಗ್ತಾ ಇರೋದು ಅದರಿಂದ. ಅದು ಮನುಷ್ಯರದ್ದೇ ಕೆಲಸ."

"ಅಂದ್ರೆ ಮನುಷ್ಯರಿಂದ ಮಳೆ ಬೆಳೆ ಕೆಡುತ್ತೆ ಅಂತ ನೀವೂ ಒಪ್ತೀರಿ," ಎಂದ ಭೈರೇಶ್.

"ಬದುಕಿರೋ ಮನುಷ್ಯರಿಂದ."

"ಸತ್ತವರೂ ಒಂದು ಕಾಲಕ್ಕೆ ಬದುಕಿದ್ದೋರೇ ಅಲ್ವಾ ಮೇಡಂ?" ಎಂದು ಅವನು ನಕ್ಕ. ಯೋಗಾನಂದ ನಗಲಿಲ್ಲ.

"ತಮಾಷೆ ಬಿಡು ಭೈರೇಶ. ಮೇಡಂ, ಆ ಒಂದು ವರ್ಷ ಮಳೆ ಯಾಕೆ ಬರಲಿಲ್ಲ? ಅದನ್ನ ಹೇಳಿ."

"ಪೆಸಿಫಿಕ್ ಸಾಗರ ಬಿಸಿಯಾದ ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗೋದು ಜಾಸ್ತಿ. ಅರವತ್ತೈದರಲ್ಲೂ ಬಿಸಿಯಾಗಿತ್ತು. ಈ ಊರಿಗೊಂದೇ ಅಲ್ಲ, ದೇಶಕ್ಕೆಲ್ಲ ಬರ ಬಿದ್ದಿತ್ತು."

"ಸಾಗರ ಬಿಸಿಯಾದಾಗೆಲ್ಲ ಬರ ಬರುತ್ತಾ?"

"ಪ್ರತಿ ಸಲ ಅಲ್ಲ. ಸಾಧ್ಯತೆ ಜಾಸ್ತಿ."

"ಹಂಗಾದ್ರೆ ಆ ವರ್ಷದ ಬರಕ್ಕೆ ಅದೇ ಕಾರಣ ಅಂತ ನೂರಕ್ಕೆ ನೂರು ಹೇಳ್ತೀರಾ?" ಇದು ಭೈರೇಶ್.

ವಚನಾಳ ಗುರು ಗಿರಿರಾಜ್, ಈಗ ನಿವೃತ್ತರು, ಎಷ್ಟು ತಪ್ಪಿರಬಹುದೆಂಬ ಅಂಚನ್ನು ಹೇಳದೆ ಕೊಟ್ಟ ಅಂಕಿಯನ್ನು ಅರ್ಧ ಸುಳ್ಳೆನ್ನುತ್ತಿದ್ದರು. ಅವರ ಕೆಂಪು ಪೆನ್ನಿಗೆ ಹೆದರಿ ಬೆಳೆದವಳು ಅವಳು. ಬಾಯಿ ತಾನಾಗಿ ತೆರೆದುಕೊಂಡಿತು.

"ಒಂದೇ ವರ್ಷದ ಬಗ್ಗೆ ನೂರಕ್ಕೆ ನೂರು ಯಾರೂ ಹೇಳೋಕಾಗಲ್ಲ."

ಲ್ಯಾಬಿನಲ್ಲಿ ಎಷ್ಟು ಸಲ ಆಡಿದ ಮಾತೋ. ಅದರಲ್ಲಿ ತಪ್ಪೊಂದೂ ಇರಲಿಲ್ಲ. ಆದರೆ ಅದು ಬಾಯಿಂದ ಹೊರಬಿದ್ದ ಕ್ಷಣವೇ ಮೂಲೆಯಲ್ಲಿ ಆ ಬಿಳಿಯ ಕೈ ಸೆರಗಿನೊಳಗೆ ಸರಿದದ್ದು ಅವಳಿಗೆ ಕಂಡಿತು.

"ಅದೇ ನಾವೂ ಹೇಳೋದು," ಎಂದ ಭೈರೇಶ್ ಮೆತ್ತಗೆ. ಅವನ ದನಿಯಲ್ಲಿ ಗೆದ್ದ ಸಂತೋಷವೂ ಇರಲಿಲ್ಲ. "ಮೇಡಮ್ಮಿಗೇ ಗ್ಯಾರಂಟಿ ಇಲ್ಲ ಅಂದ್ಮೇಲೆ ರಿಸ್ಕ್ ಯಾಕೆ? ಮೊದಲೇ ಊರಲ್ಲಿ ನೀರಿಲ್ಲ."

ವಚನಾ ಏನೇನೋ ಸೇರಿಸಲು ನೋಡಿದಳು. ಕುಸುಮಾ ಕಾಫಿ ಲೋಟ ಎತ್ತತೊಡಗಿದಳು. ಸಭೆ ಮುಗಿದಿತ್ತು.

ಆಮೇಲಿನ ದಿನಗಳಲ್ಲಿ ವೆಂಕಟಲಕ್ಷ್ಮಮ್ಮ ಅವಳನ್ನು ಕಂಡರೆ ಮುಖ ತಿರುಗಿಸಲಿಲ್ಲ, ಕರೆದು ಮಾತಾಡಿಸಲೂ ಇಲ್ಲ. ಒಂದು ಬೆಳಿಗ್ಗೆ ವಚನಾ ಮೆಟ್ಟಿಲ ಬುಡದಲ್ಲಿ ತಡೆದು ನಿಲ್ಲಿಸಿ, "ಅಮ್ಮ, ಅವತ್ತು ನಾನು ಹೇಳಿದ್ದು..." ಎಂದು ಶುರುಮಾಡಿದಳು.

"ಬಿಡು ಮಗ," ಎಂದರು ಅವರು. "ನೀನು ಸುಳ್ಳು ಹೇಳೋಳಲ್ಲ. ಅದಕ್ಕೇ ನಿನ್ನ ಕರೆದಿದ್ದು ನಾನು."

ಅದು ಬೈಗುಳವಾಗಿದ್ದರೆ ಎಷ್ಟೋ ವಾಸಿಯಿತ್ತು. ವಚನಾ ಲ್ಯಾಬಿನಲ್ಲಿ, ಉಳಿದಿದ್ದ ಇನ್ನೊಂದು ಹೋಳಿನಲ್ಲಿ, ಆ ಕಪ್ಪು ಗೆರೆಯ ಪದರವನ್ನು ಕತ್ತರಿಸಲು ಕೂತಾಗ ಚಾಕು ಹಿಡಿದ ಕೈ ನಿಂತುಹೋಯಿತು. ಇದ್ದಿಲು ದೊಡ್ಡತಾಯಮ್ಮನ ಚಿತೆಯದೇ ಎನ್ನಲು ಆಧಾರವಿರಲಿಲ್ಲ. ಕಾಲದ ಲೆಕ್ಕದಲ್ಲಿ ನಾಲ್ಕು ವರ್ಷ ಆ ಕಡೆ ಈ ಕಡೆ ಆಗಬಹುದಿತ್ತು. ಯಾರೋ ಒಣಹುಲ್ಲಿಗೆ ಬೆಂಕಿ ಇಟ್ಟಿರಬಹುದಿತ್ತು. ಹಾಗೆಂದು ತನಗೆ ತಾನೇ ಹೇಳಿಕೊಂಡಷ್ಟೂ ಹಸಿರು ಅಂಚೊಂದು ಕಣ್ಣಮುಂದೆ ಬಂದು ನಿಲ್ಲುತ್ತಿತ್ತು. ಅವಳು ಆ ಪದರವನ್ನು ಮುಟ್ಟದೆ ಹಾಗೇ ಸುತ್ತಿ, ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟಳು. ಆಮೇಲೆ ಆ ತಟ್ಟೆ ಎಳೆಯುವಾಗಲೆಲ್ಲ ಒಳಗಿನಿಂದ ಹಸಿ ಕೆರೆಮಣ್ಣಿನ ವಾಸನೆ ಬರುತ್ತಿತ್ತು. ಬೇರೆ ಮಾದರಿಗಳಿಗೂ ಅದೇ ವಾಸನೆ ಎಂದು ಅವಳಿಗೆ ಗೊತ್ತಿತ್ತು.

ಮೇ ತಿಂಗಳ ಬಿಸಿಲು ಗೋಡೆಯನ್ನು ಹೊಕ್ಕು ಒಳಗೆ ಬರುತ್ತಿತ್ತು. ಕರೆಂಟು ಹೋಗಿದ್ದ ಒಂದು ಮಧ್ಯಾಹ್ನ ಹಿತ್ತಲ ಕೋಣೆಯಲ್ಲಿ ಮಲಗಿದ ವೆಂಕಟಲಕ್ಷ್ಮಮ್ಮ ಏಳಲಿಲ್ಲ. ಕುಸುಮಾ ಕೂಗಿಕೊಂಡದ್ದು ಮೇಲಕ್ಕೆ ಕೇಳಿಸಿತು.

ಮರುದಿನ ಬೆಳಿಗ್ಗೆ ವಚನಾ ಹೂವಿನ ಹಾರ ಹಿಡಿದು ಕೆಳಗೆ ಬಂದಾಗ ಹಾಲಿನಲ್ಲಿ ಮಾತು ನಡೆದಿತ್ತು. ಬಾಗಿಲಲ್ಲಿ ಮುಕ್ತಿವಾಹನ ನಿಂತಿತ್ತು. ಹೆಣದ ತಲೆದೆಸೆಯಲ್ಲಿ ದೀಪ ಉರಿಯುತ್ತಿತ್ತು. ಯಾರೋ ಎರಡು ಕೈಗಳನ್ನೂ ಬಿಳಿ ಬಟ್ಟೆಯಿಂದ ಮಣಿಕಟ್ಟಿನವರೆಗೆ ಸುತ್ತಿಬಿಟ್ಟಿದ್ದರು.

"ಅಣ್ಣ, ವ್ಯಾನ್ ಬಂದಿದೆ, ಹೊರಡೋಣ," ಎನ್ನುತ್ತಿದ್ದ ಭೈರೇಶ್. "ಚಿತಾಗಾರದಲ್ಲಿ ಟೈಮ್ ಕೊಟ್ಟಿದಾರೆ."

"ಅಮ್ಮನ ಆಸೆ..." ಎಂದು ಯೋಗಾನಂದ ಅಲ್ಲಿಗೇ ನಿಲ್ಲಿಸಿದ.

"ಆಸೆ ನಂಗೂ ಗೊತ್ತು. ನಂಗೇನು ದೊಡ್ಡಮ್ಮನ ಮೇಲೆ ದ್ವೇಷವಾ? ನಾಳೆ ಮಳೆ ಬರದಿದ್ರೆ ಜನ ಬಂದು ಕೇಳೋದು ನನ್ನನ್ನ."

ವಚನಾ ಹಾರವನ್ನು ಕೆಳಗಿಟ್ಟು ಹೇಳಿದಳು. "ಇಲ್ಲ."

ಎಲ್ಲರೂ ತಿರುಗಿ ನೋಡಿದರು.

"ಅಮ್ಮನ್ನ ಮಣ್ಣಿಗಿಟ್ಟರೆ ಮಳೆ ನಿಲ್ಲಲ್ಲ. ನಿಮ್ಮ ಅಜ್ಜನ ತಂಗಿಯಿಂದಲೂ ನಿಂತಿರಲಿಲ್ಲ. ಇದನ್ನ ನೂರಕ್ಕೆ ನೂರು ಹೇಳ್ತೀನಿ."

"ಅವತ್ತು ಹಂಗೆ, ಇವತ್ತು ಹಿಂಗೆ," ಎಂದ ಭೈರೇಶ್.

"ಅವತ್ತು ಬರಕ್ಕೆ ಏನು ಕಾರಣ ಅಂತ ಕೇಳಿದ್ರಿ. ಅದಕ್ಕೆ ನಾನು ಪೂರ್ತಿ ಉತ್ತರ ಕೊಡೋಕಾಗಲ್ಲ. ಆದರೆ ಕೇಳಬೇಕಾಗಿದ್ದ ಪ್ರಶ್ನೆ ಅದಲ್ಲ. ಒಬ್ಬ ಹೆಂಗಸಿನ ಚರ್ಮದಿಂದ ಬರ ಬಂತಾ ಅನ್ನೋದು. ಅದಕ್ಕೆ ಇಲ್ಲ ಅಂತ ಹೇಳೋಕೆ ಯಾವ ಅಂಚೂ ಬೇಕಿಲ್ಲ. ಅವತ್ತೇ ಹೇಳಬೇಕಿತ್ತು. ನಾನು ಹೇಳಲಿಲ್ಲ."

"ಮಳೆ ಬರದಿದ್ರೆ?" ಯೋಗಾನಂದ ಕೇಳಿದ. ಅವನ ಕಣ್ಣು ಕೆಂಪಾಗಿತ್ತು.

"ಬರದೇ ಇದ್ರೂ ಅಮ್ಮನಿಂದ ಅಲ್ಲ."

ಯೋಗಾನಂದ ಬಹಳ ಹೊತ್ತು ತಾಯಿಯ ಮುಖ ನೋಡಿದ. ಆಮೇಲೆ ಬಗ್ಗಿ, ಕೈಗೆ ಸುತ್ತಿದ್ದ ಬಟ್ಟೆಯನ್ನು ತಾನೇ ಬಿಚ್ಚಿದ. "ಗುಣಿ ತೆಗೆಯೋರಿಗೆ ಫೋನ್ ಮಾಡು ಭೈರೇಶ," ಎಂದ.

ಹೊಂಗೆಕೆರೆಯ ಏರಿಗೂ ಅಪಾರ್ಟ್‌ಮೆಂಟಿನ ಕಾಂಪೌಂಡಿಗೂ ನಡುವೆ ಆ ಕುಟುಂಬಕ್ಕೆ ಉಳಿದಿದ್ದ ಜಾಗವೆಂದರೆ ಒಂದು ಪಟ್ಟಿ, ಅಷ್ಟೆ. ಅಲ್ಲಿ ಗಂಡನ ಗೋರಿಯ ಪಕ್ಕದಲ್ಲಿ ಅವರನ್ನು ಇಟ್ಟರು. ಹಿಡಿಮಣ್ಣು ಹಾಕಿ ಹಿಂತಿರುಗುವಾಗ ಭೈರೇಶ್ ವಚನಾಳ ಪಕ್ಕದಲ್ಲಿ ನಡೆಯುತ್ತಿದ್ದ. "ಮೇಡಂ, ನಾನು ಓದಿಲ್ಲದೋನಲ್ಲ," ಎಂದ. "ಆದ್ರೆ ಆಷಾಢ ಬಂದ್ರೂ ಮಳೆ ಬರದಿದ್ರೆ ಈ ಜನಾನ ತಡೆಯೋಕೆ ನನ್ನ ಕೈಲಾಗಲ್ಲ. ಬಡಾವಣೆ ಆಗೋಕೆ ಮುಂಚೆ ಇಲ್ಲಿದ್ದ ಹಳೇ ಊರಿನೋರು ಇನ್ನೂ ಇದಾರೆ. ಆಗ ನೀವೇ ಬಂದು ಉತ್ತರ ಹೇಳ್ಬೇಕು."

ಹಾಲುತುಪ್ಪ ಬಿಟ್ಟಾಯಿತು, ತಿಥಿ ಮುಗಿಯಿತು. ಜೂನ್ ಬಂತು. ಮಳೆ ಬರಲಿಲ್ಲ.

ಮೋಡಗಳು ಬಾರದೆ ಇರಲಿಲ್ಲ. ಮಧ್ಯಾಹ್ನ ಕೆಂಗೇರಿ ಕಡೆಯಿಂದ ಕಪ್ಪಾಗಿ ಏರಿ ಬರುತ್ತಿದ್ದವು. ಗಾಳಿ ಬೀಸಿ, ಬಾಗಿಲು ಕಿಟಕಿ ಬಡಿದು, ಒಣಗಿದ ಬಟ್ಟೆ ಹಾರಿಸಿ, ಹಾಗೇ ಪೂರ್ವಕ್ಕೆ ಹೋಗಿಬಿಡುತ್ತಿದ್ದವು. ವಚನಾ ದಿನಾ ಬೆಳಿಗ್ಗೆ ಎದ್ದವಳೇ ಸಾಗರದ ಉಷ್ಣತೆಯ ನಕ್ಷೆ ನೋಡುತ್ತಿದ್ದಳು. ನಕ್ಷೆಗಳನ್ನು ಅವಳು ವರ್ಷಗಳಿಂದ ನೋಡುತ್ತಿದ್ದಳು. ಆದರೆ ಒಂದು ಉತ್ತರ ಬರಲಿ ಎಂದು ಬೇಡಿಕೊಂಡು ನೋಡಿರಲಿಲ್ಲ. ಹವಾಮಾನದ ಒಂದು ಕಂಪ್ಯೂಟರ್ ಲೆಕ್ಕ ಮಳೆ ತಡವೆನ್ನುತ್ತಿತ್ತು, ಇನ್ನೊಂದು ಸಾಧಾರಣವೆನ್ನುತ್ತಿತ್ತು. ಒಳ್ಳೆಯದನ್ನು ಹೇಳಿದ್ದನ್ನೇ ಅವಳು ಎರಡು ಸಲ ಓದುತ್ತಿದ್ದಳು. ಮಳೆ ಬಂದರೂ ಏನೂ ಸಾಬೀತಾಗುವುದಿಲ್ಲ, ಬರದಿದ್ದರೂ ಆಗುವುದಿಲ್ಲ. ಇದು ಅವಳಿಗೆ ಗೊತ್ತು. ಗೊತ್ತಿದ್ದೂ ಸಂಜೆಯಾದರೆ ಮಹಡಿಯ ಮೇಲೆ ನಿಂತು ಪಶ್ಚಿಮಕ್ಕೆ ಕತ್ತು ಚಾಚುತ್ತಿದ್ದಳು. ತಾನು ಹಾಗೆ ನಿಂತಿರುವಾಗ ಸುತ್ತಲಿನ ಮಹಡಿಗಳ ಮೇಲೂ ಜನ ಹಾಗೇ ನಿಂತಿರುವುದು ಕಂಡಿತು.

ಲ್ಯಾಬಿನಿಂದ ಬರುವಾಗ ಗೋರಿಯ ದಾರಿಯಾಗಿ ಬರುವುದು ಅಭ್ಯಾಸವಾಯಿತು. ಹಸಿಮಣ್ಣಿನ ದಿಬ್ಬ ಬಿಸಿಲಿಗೆ ಒಣಗಿ, ಒಂದು ಸಂಜೆ ನಡುವಿನಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಜೇಡಿಮಣ್ಣು ಒಣಗಿದರೆ ಬಿರಿಯುತ್ತದೆ, ಅಷ್ಟೆ. ಆದರೆ ಅಂಗಡಿಗೆ ಹೊರಟಿದ್ದ ಇಬ್ಬರು ಮುದುಕರು ಅದನ್ನೇ ನೋಡುತ್ತ ನಿಂತಿದ್ದರು.

"ಭೂಮಿ ಬಾಯಿ ಬಿಟ್ಟೈತೆ," ಎಂದ ಒಬ್ಬ.

"ಒಪ್ಪಿಲ್ಲ ಅದು," ಎಂದ ಇನ್ನೊಬ್ಬ.

ಅವರು ಹೋಗುವ ತನಕ ಕಾದು, ವಚನಾ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಬಿರುಕಿಗೆ ಸುರಿದಳು. ಬೆರಳಿಂದ ಮಣ್ಣು ಸವರಿ ಮುಚ್ಚಿದಳು. ಇಷ್ಟು ವರ್ಷ ಮಣ್ಣಿನ ಬಿರುಕುಗಳನ್ನು ಅಳೆದು ದಾಖಲಿಸಿದ್ದವಳು ಈಗ ಒಂದನ್ನು ಯಾರ ಕಣ್ಣಿಗೂ ಬೀಳದಂತೆ ಅಳಿಸುತ್ತಿದ್ದಳು. ಏಳುವಾಗ ಹಿಂದೆ ಯಾರೋ ನಿಂತಂತೆ ಅನ್ನಿಸಿತು. ತಿರುಗಿದರೆ ಯಾರೂ ಇರಲಿಲ್ಲ. ಕೆರೆಯ ನಡುವೆ, ಬಿಳಿಚಿದ ಬಯಲಿನಲ್ಲಿ, ಗಾಳಿ ಧೂಳನ್ನು ಎತ್ತಿ ಒಂದು ಆಳೆತ್ತರ ನಿಲ್ಲಿಸಿ ಬೀಳಿಸಿತು.

ಮರುದಿನ ಬಿರುಕು ಮತ್ತೆ ಬಂದಿತ್ತು. ಅದರ ಪಕ್ಕದಲ್ಲಿ ಹಾರೆಯ ಮೊನೆ ಊರಿದಂಥ ಒಂದು ತೂತು. ನಾಯಿ ಕೆದರಿದ್ದಿರಬಹುದು. ನಾಯಿ ಕೆದರಿದರೆ ಅಷ್ಟು ನೆಟ್ಟಗಿರುವುದಿಲ್ಲ. ವಚನಾ ಫೋನ್ ತೆಗೆದು ಯೋಗಾನಂದನಿಗೆ ಚಿತ್ರ ಕಳಿಸಿದಳು. ಅವನಿಂದ ಉತ್ತರ ಬರಲಿಲ್ಲ.

ಅದರ ಮರುದಿನ ಸಂಜೆ ಅವಳು ಬರುವಷ್ಟರಲ್ಲಿ ಅಲ್ಲಿ ಜಲ್ಲಿ, ಮರಳು, ಸಿಮೆಂಟು ಮೂಟೆ, ಗಿರಗಿರ ತಿರುಗುವ ಸಣ್ಣ ಮಿಕ್ಸರ್. ಯೋಗಾನಂದ ಪ್ಯಾಂಟು ಮಡಿಚಿ, ಅಂಗಡಿಯ ಇಬ್ಬರು ಆಳುಗಳ ಜೊತೆ ತಾನೂ ಬಾಂಡ್ಲಿ ಹೊರುತ್ತಿದ್ದ. ಗೋರಿಯ ಮೇಲೆ ಕಬ್ಬಿಣದ ಸರಳು ಹೆಣೆದು ಒಂದಡಿ ದಪ್ಪ ಕಾಂಕ್ರೀಟ್ ಹಾಕಿಸಿದ್ದ.

"ಇನ್ನು ಹಾರೆ ಇಳಿಯಲ್ಲ ಮೇಡಂ," ಎಂದ ಬೆವರು ಒರೆಸಿಕೊಳ್ಳುತ್ತ. "ಮನೆ ಪಿಲ್ಲರ್‌ಗೆ ಹಾಕೋ ಮಿಕ್ಸೇ ಹಾಕಿದೀನಿ."

"ಒಳ್ಳೇದಾಯ್ತು."

ಅವನು ಹಸಿ ಕಾಂಕ್ರೀಟಿನ ಕಡೆಗೇ ನೋಡುತ್ತ ನಿಂತ. ಆಮೇಲೆ ಆಳುಗಳಿಗೆ ಕೇಳದಂತೆ ಕೇಳಿದ: "ಮೇಡಂ, ನೀವು ಹೇಳಿದ್ದು ನಿಜ ತಾನೇ? ನೆನ್ನೆ ಇದನ್ನ ಹಾಕಿಸೋಣ ಅಂತ ಯೋಚನೆ ಮಾಡುವಾಗ ಒಂದು ಕ್ಷಣ ಹಿಂಗನ್ನಿಸ್ತು. ಹೊರಗಿನೋರು ತೆಗೀದೇ ಇರ್ಲಿ ಅಂತ ಹಾಕಿಸ್ತಿದೀನಾ, ಇಲ್ಲ ಅಮ್ಮ ಹೊರಗೆ ಬರದೇ..."

"ನಿಜ," ಎಂದಳು ವಚನಾ. ಅವಳಿಗೆ ಅದಕ್ಕಿಂತ ಹೆಚ್ಚು ಹೇಳಲು ಭಯವಾಯಿತು.

ಕಾಂಕ್ರೀಟ್ ಗಟ್ಟಿಯಾಗಬೇಕಾದರೆ ಕ್ಯೂರಿಂಗ್ ಆಗಬೇಕು. ಒದ್ದೆ ಗೋಣಿಚೀಲ ಹೊದಿಸಿ, ಒಣಗಲು ಬಿಡದೆ ದಿನಾ ನೀರು ಹಾಕುತ್ತಿರಬೇಕು. ಬೆಳಿಗ್ಗೆ ಯೋಗಾನಂದ ಹಾಕುತ್ತಿದ್ದ, ಸಂಜೆಯ ಪಾಳಿಯನ್ನು ವಚನಾ ಒಪ್ಪಿಕೊಂಡಳು. ಮನೆಯ ಪಾಲಿನ ಟ್ಯಾಂಕರ್ ನೀರಿನಲ್ಲೇ ಬಿಂದಿಗೆ ತುಂಬಿಕೊಂಡು, ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಹೋಗುತ್ತಿದ್ದಳು. ನೀರಿಲ್ಲದ ಊರಿನಲ್ಲಿ ಗೋರಿಗೆ ನೀರು ಸುರಿಯುವುದು ಕಳ್ಳತನದಂತೆ ಅನ್ನಿಸುತ್ತಿತ್ತು. ಜನ ಬೈದಾರೆಂದು ಅವಳು ತಲೆ ತಗ್ಗಿಸಿಕೊಂಡೇ ಸುರಿಯುತ್ತಿದ್ದಳು.

ಒಂದು ಸಂಜೆ ಹೂ ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ ನಿಂತು ನೋಡಿದಳು.

"ಒಳ್ಳೇ ಕೆಲಸ ಮಾಡ್ತಾ ಇದೀರ ಕಣಮ್ಮ," ಎಂದಳು. "ನಮ್ಮ ತಾವರೆಕೆರೆ ಕಡೇನೂ ಹಿಂಗೇ ಮಾಡೋರು. ತೊನ್ನಿನೋರ ಗೋರಿಗೆ ದಿನಾ ತಣ್ಣೀರು ಹಾಕ್ತಾ ಬಂದ್ರೆ ಅವ್ರ ಉರಿ ತಣಿತದೆ. ತೆಗೆಯೋ ಹಂಗೇ ಇಲ್ಲ. ಮಳೆ ತಾನಾಗೇ ಬತ್ತದೆ."

"ಇಲ್ಲ, ಇದು..." ಎಂದಳು ವಚನಾ. ಸಿಮೆಂಟು ಎಂಬ ಮಾತು ನಾಲಗೆಯ ತುದಿಯವರೆಗೆ ಬಂತು. ಅವಳು ಅದನ್ನು ಆಡಲಿಲ್ಲ.

ಮರುದಿನ ಹೂವಿನವಳು ತಾನೂ ಒಂದು ಚೊಂಬು ನೀರು ತಂದಳು. ಅದರಾಚೆ ದಿನ ಹಳೇ ಊರಿನ ನಾಲ್ಕೈದು ಹೆಂಗಸರು. ಆಮೇಲೆ ಅಪಾರ್ಟ್‌ಮೆಂಟಿನ ಇಬ್ಬರು ಕೂಡ, ಕೆಲಸ ಮುಗಿಸಿ ಬಂದ ಬಟ್ಟೆಯಲ್ಲೇ, ಪ್ಲಾಸ್ಟಿಕ್ ಬಾಟಲಿ ಹಿಡಿದುಕೊಂಡು. ನಲ್ಲಿಯಲ್ಲಿ ನೀರು ಬಾರದ ಮನೆಗಳಿಂದ ಅವರು ನೀರು ಉಳಿಸಿ ತರುತ್ತಿದ್ದರು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಸುರಿದ ನೀರು ಗೋಣಿಯೊಳಗೆ ಇಳಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಯೋಗಾನಂದ ಗೋಣಿ ತೆಗೆಸಿದ. ಕಾಂಕ್ರೀಟ್ ಬೆರಳಲ್ಲಿ ತಟ್ಟಿದರೆ ಟಣ್ಣೆನ್ನುವಷ್ಟು ಗಟ್ಟಿಯಾಗಿತ್ತು. ಇನ್ನು ನೀರು ಬೇಕಿರಲಿಲ್ಲ. ಅಂದು ಸಂಜೆಯೂ ಹೆಂಗಸರು ಬಂದರು. ಅವರ ಹಿಂದೆ ಭೈರೇಶ್ ಬಂದ. ಚಪ್ಪಲಿ ಆಚೆ ಬಿಟ್ಟು, ಆ ಸಾಲನ್ನೂ ಒದ್ದೆ ಗೋರಿಯನ್ನೂ ನೋಡಿ, ವಚನಾಳ ಹತ್ತಿರ ನಿಂತ.

"ನೀವೇ ಶುರುಮಾಡಿದ್ದಂತೆ ಇದನ್ನ?"

ಯೋಗಾನಂದ ತಲೆ ಎತ್ತಿ ಅವಳನ್ನು ನೋಡಿದ. ಅವನ ನೋಟದಲ್ಲಿ ಬೇಡಿಕೆಯಿತ್ತೋ ಎಚ್ಚರಿಕೆಯಿತ್ತೋ ಅವಳಿಗೆ ತಿಳಿಯಲಿಲ್ಲ. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಹೆಂಗಸರೆಲ್ಲ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಮಳೆಗೂ ಈ ಗೋರಿಗೂ ಸಂಬಂಧವಿಲ್ಲ ಎಂದು ಹೇಳಿದ್ದವಳು ಅವಳೇ. ಅದನ್ನು ಈಗ ಮತ್ತೊಮ್ಮೆ ಹೇಳಿದರೆ ಇವರ ಕೈಯಲ್ಲಿ ಬಿಂದಿಗೆಯ ಬದಲು ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಒಂದಡಿ ಕಾಂಕ್ರೀಟನ್ನೂ ಒಡೆಯುವ ಯಂತ್ರಗಳು ಈ ಊರಿನಲ್ಲಿ ಬಾಡಿಗೆಗೆ ಸಿಗುತ್ತವೆ.

"ಹೌದು," ಎಂದಳು.

"ಮಳೆಗೇ ತಾನೇ?"

"ಹೌದು."

ಭೈರೇಶ್ ಉಸಿರು ಬಿಟ್ಟ. ಎಷ್ಟೋ ದಿನದಿಂದ ಹೊತ್ತದ್ದನ್ನು ಇಳಿಸಿದವನಂತೆ ಅವನ ಭುಜ ಸಡಿಲಾಯಿತು. "ಹಂಗಾದ್ರೆ ಸರಿ ಬಿಡಿ. ಇನ್ನು ಯಾರೂ ದೊಡ್ಡಮ್ಮನ್ನ ಮುಟ್ಟಲ್ಲ. ನಾನು ನೋಡ್ಕೋತೀನಿ," ಎಂದವನೇ ಪಕ್ಕದವಳ ಕೈಯಿಂದ ಚೊಂಬು ಇಸಕೊಂಡು, ಬಗ್ಗಿ ಗೋರಿಗೆ ನೀರು ಸುರಿದ.

ಸರದಿ ವಚನಾಳಿಗೆ ಬಂತು. ಅವಳು ಚಪ್ಪಲಿ ಬಿಟ್ಟಳು. ಇನ್ನೂ ಬಿಸಿಲಿನ ಕಾವು ಆರದ ಸಿಮೆಂಟಿನ ಮೇಲೆ ನೀರು ಬಿದ್ದಾಗ ಒಳಗಿನಿಂದ ಯಾರೋ ನಿಟ್ಟುಸಿರು ಬಿಟ್ಟಂತೆ ಸಣ್ಣ ಸದ್ದಾಯಿತು. ಅವಳು ಖಾಲಿ ಬಿಂದಿಗೆ ಎತ್ತಿಕೊಂಡು ಹಿಂದೆ ಸರಿದಳು.

"ನಾಳೆ ಎಷ್ಟೊತ್ತಿಗೆ ಬರೋದು ಮೇಡಂ?" ಎಂದು ಹೂವಿನವಳು ಕೇಳಿದಳು.

"ಸಂಜೆ ಬನ್ನಿ," ಎಂದಳು ವಚನಾ. "ಇದೇ ಹೊತ್ತಿಗೆ."